ನದಾಫನ ಹೆಬ್ಬೆರಳು

ಫಹಾಹೀಲ್‌ನ ಚರ್ಮದ ಕ್ಲಿನಿಕ್ಕಿಗೆ ಅವನು ಬಂದದ್ದು
ರೋಗವಿದೆ ಎಂದಲ್ಲ,
ಯಂತ್ರ ಅವನನ್ನು ಒಪ್ಪಲಿಲ್ಲ ಎಂದು.

ಹಸಿರು ದೀಪದ ಗಾಜಿನ ಮೇಲೆ ನಾಲ್ಕು ಸಲ ಒತ್ತಿದನಂತೆ,
ಪ್ಯಾಂಟಿಗೆ ಒರೆಸಿ, ಹಣೆಯ ಜಿಡ್ಡು ಸವರಿ, ಬಿಸ್ಮಿಲ್ಲಾ ಅಂದು.
ಕೌಂಟರಿನ ಹುಡುಗ ತಲೆಯೆತ್ತದೆ, ‘ಬುಕ್ರಾ, ಬುಕ್ರಾ.’

‘ಅಕ್ಕಾರ, ಗೆರಿ ಎಲ್ಲಾ ಸವದು ಹೋಗ್ಯಾವ್ರೀ.
ನಾ ನಾನೇ ಅಂತ ಹೇಳಾಕ ಇವೇ ಅಲ್ರೀ ಇದ್ದದ್ದು?’
ಮೈಬೂಬಸಾಬ ನದಾಫ, ಇಂಡಿ ತಾಲೂಕು.
ಹನ್ನೊಂದು ವರ್ಷದಿಂದ ಟೈಲ್ಸ್ ಕೂರಿಸುವ ಕೆಲಸ.

ಬೆರಳು ಹಿಡಿದು ದೀಪದಡಿ ತಿರುಗಿಸಿದೆ:
ಬಚ್ಚಲಲ್ಲಿ ಮರೆತುಹೋದ ಸೋಪಿನ ಚೂರು.

ಡಾಕ್ಟರು ಬರುವುದು ತಡವಿತ್ತು. ಗೋಡೆಯ ಚಿತ್ರದ ಮುಂದೆ ನಿಲ್ಲಿಸಿದೆ.
ಕೇಕಿನ ಹಾಗೆ ಕುಯ್ದಿಟ್ಟ ಚರ್ಮದ ತುಂಡು,
ಹೆಸರುಗಳು ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ.
ನನ್ನ ಮನೆಮಾತು ಕೊಂಕಣಿ, ನರ್ಸಿಂಗ್ ಕಲಿತದ್ದು ಇಂಗ್ಲಿಷಿನಲ್ಲಿ,
ಶಾಲೆಯ ಕನ್ನಡದಲ್ಲಿ ಚರ್ಮದ ಮಾತು ಯಾರಿಗೂ ಹೇಳಿದವಳಲ್ಲ.

‘ಇದು ಮೇಲಿನದು, ಕಾಗದದಷ್ಟು.
ಹೊರಗೆ ಕಾಣುವುದೆಲ್ಲ ಸತ್ತದ್ದು, ಸತ್ತ ಮೇಲೇ ಅವಕ್ಕೆ ಕಾವಲು ಕೆಲಸ.
ತಳದಲ್ಲಿ ದಿನವೂ ಹೊಸದು ಹುಟ್ಟುತ್ತದೆ,
ಏರುತ್ತ ಏರುತ್ತ ಚಪ್ಪಟೆಯಾಗಿ, ಒಣಗಿ,
ತಿಂಗಳೊಪ್ಪತ್ತಿಗೆ ಉದುರಿಹೋಗುತ್ತದೆ.’

ಅವನು ಬೆರಳು ಮಡಿಸಿ ಎಣಿಸಿದ.
‘ಹಂಗಾದ್ರ ಊರಿಂದ ಬರೂವಾಗ ಇದ್ದ ಚರ್ಮ?’
ಅದು ಹೋಗಿ ಬಹಳ ಕಾಲವಾಯಿತು.
‘ಅದರ ಬೆನ್ನಿಗಿ ಬಂದದ್ದು?’
ಅದೂ. ನೂರಕ್ಕೂ ಮಿಕ್ಕು ಸಲ.
ಮಹಬೂಲಾದ ರೂಮಿನ ಮೇಲಂತಸ್ತಿನ ಮಂಚದಲ್ಲಿ,
ಎಸಿಯ ಜಾಳಿಗೆಯಲ್ಲಿ, ಟೈಲಿನ ಸಂದಿಯ ಬಿಳಿ ಗ್ರೌಟಿನಲ್ಲಿ.
ಥಟ್ಟನೆ ನಕ್ಕ:
‘ಅಂದ್ರ ಶೇಖನ ಬಚ್ಚಲದಾಗ ನಾನೂ ಅದೀನಿ!’

‘ಈ ಕರಿ ಚುಕ್ಕಿ?’
ಬಣ್ಣ ಹಾಕುವವರು. ಎಲ್ಲರ ಮೈಯಲ್ಲೂ
ಹೆಚ್ಚುಕಡಿಮೆ ಅಷ್ಟೇ ಮಂದಿ,
ಕೆಲವರಲ್ಲಿ ಹೆಚ್ಚು ದುಡಿಯುತ್ತಾರೆ.
ಇದಕ್ಕೆ ಅವನು ಏನೂ ಅನ್ನಲಿಲ್ಲ,
ಮುಂಗೈ ಹೊರಳಿಸಿ ನೋಡಿಕೊಂಡ.

ಎರಡನೆಯ ಪದರಕ್ಕೆ ನನ್ನ ಕನ್ನಡ ಸಾಲಲಿಲ್ಲ.
ಎಳೆ, ಎಳೆಗಳ ಸಿಕ್ಕು, ನಡುವೆ ನೆತ್ತರ ನಾಳ, ಬೆವರಿನ ಸುರುಳಿ,
ಅಂತ ತಡವರಿಸುವಾಗ ಅವನೇ ಬಾಗಿ ಮೂಗು ತಾಗಿಸುವಷ್ಟು ನೋಡಿ,
‘ಇದು ಹಿಂಜಿದ ಅರಳಿ’ ಅಂದ.

ಅಪ್ಪ ಬಿಲ್ಲು ಹೆಗಲಿಗೇರಿಸಿ ಊರೂರಿಗೆ ಗಾದಿ ತುಂಬಿದವನು.
ಮೂಗಿನಲ್ಲಿ ಸದಾ ಹತ್ತಿಯ ಧೂಳು,
ಟೊಂಯ್ ಟೊಂಯ್ ಎನ್ನುವ ನರ.
‘ಗಾದಿ ಮ್ಯಾಲಿನ ಅರಿವಿ ಸವದ್ರ ಚಿಂತಿಲ್ರೀ,
ಹೊಲಿಗಿ ಬಿದ್ದ ತೆಗ್ಗು ಒಳಗ ಅರಳ್ಯಾಗ ಇರ್ತಾವ.
ಹೊಸಾ ಅರಿವಿ ಹೊದಸು, ಅದs ಜಾಗಾದಾಗ ಮತ್ತ ಮೂಡ್ತಾವ.’

ನಾನು ಹೇಳಬೇಕೆಂದಿದ್ದೂ ಅಷ್ಟೇ.
ಅಮ್ಮನ ಹೊಟ್ಟೆಯೊಳಗೇ ಬಿದ್ದ ಗೆರೆ, ಬೇರು ಕೆಳಗಿದೆ,
ಸಿಮೆಂಟು ಅಲ್ಲಿಯವರೆಗೆ ಇಳಿದಿಲ್ಲ.

ಕೊನೆಯ ಪದರ ಕೊಬ್ಬು.
ಅವನ ತೋಳು ಚಿವುಟಿ ತೋರಿಸಹೋದೆ,
ಬೆರಳಿಗೆ ಸಿಕ್ಕಿದ್ದು ತೀರ ಕಡಿಮೆ.

ಡಾಕ್ಟರು ಬಂದರು, ಮುಲಾಮು ಬರೆದರು, ಹೋದರು.
‘ಮೂರು ವಾರ ಸಿಮೆಂಟು ಮುಟ್ಟಬೇಡ,
ಗೆರೆ ತಾನಾಗಿ ಬರುತ್ತದೆ.’
‘ಬರ್ತಾವ್ರೀ ಅಕ್ಕಾರ, ಖರೇ.
ಅಕಾಮಾ ಹದಿನೆಂಟಕ್ಕ ಮುಗೀತದ.’
ಅವತ್ತು ತಾರೀಖು ಒಂಬತ್ತು.
ಚೀಟಿ ಮಡಿಸಿ ಮೊಬೈಲಿನ ಕವರಿನೊಳಗೆ ಇಟ್ಟುಕೊಂಡ.
ಗಾಜಿನ ಬಾಗಿಲನ್ನು ಮೊಣಕೈಯಿಂದ ತಳ್ಳಿ ಹೋದ,
ಬೆರಳನ್ನು ಈಗಾಗಲೇ ಉಳಿಸುವವನಂತೆ.

ಡ್ಯೂಟಿ ಮುಗಿದು ಬಸ್ಸಿನಲ್ಲಿ ಕೂತಾಗ
ನನ್ನ ಫೋನು ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ದಿನಕ್ಕೆ ಐವತ್ತು ಸಲ ಸ್ಯಾನಿಟೈಸರು.
ಒರೆಸಿ ಒತ್ತಿದೆ. ಮತ್ತೆ ಒತ್ತಿದೆ.
ಆಮೇಲೆ ನಾಲ್ಕು ಅಂಕಿ ಒತ್ತಿ ತೆರೆದೆ.

ನನಗೆ ಅಂಕಿಗಳಿದ್ದವು.